ಚಿನಾರ್ ಕೆಳಗಿನ ಖಾಲಿ ತೋಳು

ಒಂಬತ್ತನೆಯ ಕಂತು

“ಅಲ್ಲಾಡಿಸಬೇಡ. ನೆಟ್ಟಗೆ ಹಿಡ್ಕೋ,” ಎಂದೆ.

“ಹಿಡ್ಕೊಂಡೇ ಇದ್ದೀನಲ್ಲಪ್ಪಾ. ಗಾಳಿ ಅಲ್ಲಾಡಿಸಿದ್ರೆ ಅದಕ್ಕೂ ನನ್ನನ್ನೇ ಬೈತೀಯಾ?” ಎಂದಳು ಫಾಜಿ.

ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಮಗುವಿಗೆ ಅಂಗಿಯ ಅಳತೆ ನೋಡುವವಳ ಹಾಗೆ ಮುಂದಕ್ಕೆ ಚಾಚಿದ್ದಳು. ಹಾಳೆಯಲ್ಲಿ ನಿಶಾತ್ ತೋಟ. ಹಾಳೆಯ ಆಚೆಗೂ ನಿಶಾತ್ ತೋಟ. ನಾನು ಒಂದು ಕಣ್ಣು ಮುಚ್ಚಿ, ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ ಸರಿಯುತ್ತಾ, ಚಿತ್ರದ ಚಿನಾರ್ ಮರ ನಿಜವಾದ ಚಿನಾರ್ ಮರದ ಪಕ್ಕಕ್ಕೆ ಬಂದು ನಿಲ್ಲುವ ಹಾಗೆ ಮಾಡಿದೆ. ಫೋಟೋ ತೆಗೆದವನು ನಿಂತಿದ್ದು ಇಲ್ಲೇ. ಕಾರಂಜಿ ಕಾಲುವೆಯ ಅಂಚಿನ ಈ ಕಲ್ಲಿನ ಮೇಲೆ.

ಫಾಜಿಯ ಮಗ ಲತೀಫ್ ಲಾಕಪ್ಪಿನಲ್ಲಿದ್ದ. ಬೆಳಗಾದರೆ ಅವನ ಮೇಲೆ ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ಒಯ್ಯುತ್ತಾರೆ. ಅಷ್ಟರೊಳಗೆ, ಶಾಲು ವ್ಯಾಪಾರಿ ಕಾವೂಸಾರ ಮಗಳು ಅರ್ಜುಮಂದ್ ಅವನ ಶಿಕಾರ ದೋಣಿಯಿಂದ ಇಳಿದು ಜೀವಂತವಾಗಿ ಈ ತೋಟಕ್ಕೆ ಕಾಲಿಟ್ಟಳು ಎಂದು ನಾನು ತೋರಿಸಬೇಕಿತ್ತು. ಬೇರೆ ಸುಳಿವೊಂದೂ ಇಲ್ಲದೆ, ತೋಟದ ಈ ಹೊಸ ಚಿತ್ರವನ್ನೇ ಹಿಡಿದು ಹುಡುಕುತ್ತಿದ್ದೆ.

ಬೇಸಿಗೆಯ ಕೊನೆಗೆ ಹುಡುಗಿ ಲತೀಫನ ದೋಣಿ ಹತ್ತಿದ್ದನ್ನು ದಾಲ್ ಸರೋವರದ ಅರ್ಧ ಜನ ನೋಡಿದ್ದರು. ಇಳಿದದ್ದನ್ನು ನೋಡಿದವರು ಒಬ್ಬರೂ ಇಲ್ಲ. “ನಿಶಾತ್ ಮೆಟ್ಟಿಲ ಹತ್ರ ಇಳಿಸ್ದೆ, ಹಾಗೇ ದೋಣಿ ತಿರುಗಿಸ್ಕೊಂಡು ಬಂದೆ. ದಂಡೆಗೆ ಕಾಲೂ ಇಡಲಿಲ್ಲ,” ಇದು ಲತೀಫನ ಮಾತು. ಹೊಡೆದರೂ ಅದೇ ಮಾತು. ನಾನು ಕಂಬಿಯ ಹೊರಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗಲೂ ಅದೇ ಮಾತು. ನಾನು ನಂಬಿದೆ. ಹೆಡ್ ಕಾನ್‌ಸ್ಟೆಬಲ್ ಆಗಿ ಸವೆದವನಿಗೆ ಸುಳ್ಳಿನ ವಾಸನೆ ಗೊತ್ತಾಗುತ್ತದೆ ಎಂಬ ಜಂಬ ನನಗೆ.

“ಕೈ ನೋಯ್ತಿದೆ, ಅಸದ್.”

“ಇನ್ನೊಂದು ಚೂರು, ದೇದ್.” ದೇದ್ ಅಂದರೆ ತಾಯಿ, ಸರೋವರದವರೆಲ್ಲ ಅವಳನ್ನು ಹಾಗೇ ಕರೆಯುತ್ತಾರೆ.

ನಾನು ಎಲೆ ನೋಡುತ್ತಾ ನಿಲ್ಲುವ ಪೈಕಿಯವನಲ್ಲ. ಆದರೆ ಹರುದ್ ಬಂತೆಂದರೆ, ಎಂದರೆ ಎಲೆ ಉದುರುವ ಕಾಲ ಬಂತೆಂದರೆ, ಈ ತೋಟದಲ್ಲಿ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಇಳಿಬಿಸಿಲು ಸರೋವರದ ಕಡೆಯಿಂದ ಅಡ್ಡಡ್ಡಲಾಗಿ ಬರುತ್ತಿತ್ತು. ಎಲೆ ಸುಡುವ ಹೊಗೆ ತೋಟದ ಮೇಲಿನ ಹಂತದಿಂದ ಇಳಿದು, ಮರದಿಂದ ಮರಕ್ಕೆ ನಿಧಾನವಾಗಿ ದಾಟುತ್ತಿತ್ತು. ಆ ಹೊಗೆಯಲ್ಲಿ ಬಿಸಿಲಿಗೂ ಮೈ ಬಂದಿತ್ತು, ಕೈಯಿಟ್ಟರೆ ಸಿಗುವ ಹಾಗೆ. ಒಂದೊಂದೇ ಎಲೆ ಕಳಚಿ, ತಾನು ಎಲ್ಲಿಗೆ ಹೋಗಬೇಕೆಂಬುದನ್ನು ಮರೆತ ಹಾಗೆ ತೂಗಾಡಿ, ಕೊನೆಗೆ ಯಾರದೋ ತಲೆಯ ಮೇಲೆ ಕೂರುತ್ತಿತ್ತು. ಬಾಡಿಗೆಯ ಒಡವೆ, ಬಾಡಿಗೆಯ ಬೆಳ್ಳಿಕೊಡ ಹೊತ್ತ ಪ್ರವಾಸಿ ಹೆಂಗಸರು ಎಲೆಗಳನ್ನು ಬೊಗಸೆಯಲ್ಲಿ ತೂರಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸದ್ದೆಲ್ಲ ದೂರದಲ್ಲಿ, ನೀರಿನ ಅಡಿಯಿಂದ ಬಂದಂತೆ ಕೇಳುತ್ತಿತ್ತು.

ತಲೆ ಕೊಡವಿಕೊಂಡು ಹಾಳೆ ನೋಡಿದೆ.

ಏನೋ ಸರಿಯಿಲ್ಲ.

ಮೊದಲನೆಯದು ಬಣ್ಣ. ಎದುರಿನ ಮರದಲ್ಲಿ ಒಂದು ಎಲೆಯಂತೆ ಇನ್ನೊಂದಿಲ್ಲ. ನೆತ್ತಿಯಲ್ಲಿ ರಕ್ತಗೆಂಪು, ನಡುವೆ ತುಕ್ಕು, ಕೆಳಗಿನ ಕೊಂಬೆಯಲ್ಲಿ ಇನ್ನೂ ಹಳದಿ, ಅದರ ನರಗಳಲ್ಲಿ ಮಾತ್ರ ಮಾಸಿದ ಹಸಿರು. ಚಿತ್ರದ ಮರ ನೆತ್ತಿಯಿಂದ ಬುಡದವರೆಗೆ ಒಂದೇ ಕೆಂಪು. ಬಕೆಟ್ಟಿನಲ್ಲಿ ಅದ್ದಿ ತೆಗೆದ ಹಾಗೆ.

ಎರಡನೆಯದು ನೆಲ. ಚಿತ್ರದ ಹುಲ್ಲಿನ ಮೇಲೆ ಒಂದು ಎಲೆ ಇಲ್ಲ.

“ದೇದ್, ನೀವು ಹೆಂಗಸರು ಗುಡಿಸಿ ಗುಡಿಸಿ ಹಿಂಗೆ ಮಾಡಿರ್ತೀರಾ?”

ಅವಳು ಹಾಳೆ ತಿರುಗಿಸಿ ನೋಡಿ ನಕ್ಕಳು. ಚಳಿಗಾಲದ ಕಾಂಗ್ರಿಗೆ, ಆ ಬೆತ್ತದ ಬುಟ್ಟಿಯ ಅಗ್ಗಿಷ್ಟಿಕೆಗೆ, ಚಿನಾರ್ ಎಲೆಯ ಇದ್ದಿಲೇ ಆಗಬೇಕು. ಗೋಣಿಗಟ್ಟಲೆ ಎಲೆ ಹೊರುವವರಲ್ಲಿ ಅವಳೇ ಮುಂದು. “ಗುಡಿಸಿ ಬೆನ್ನು ನೆಟ್ಟಗೆ ಮಾಡೋದ್ರಲ್ಲಿ ಮತ್ತೆ ಮಂಡಿ ಮಟ್ಟ ಇರ್ತದೆ. ಇಷ್ಟು ಕೆಂಪಾದ ಮರದ ಕೆಳಗೆ ಇಂಥ ನುಣ್ಣನೆ ನೆಲ? ಇದ್ಯಾವ ಸೊಸೆ ಗುಡಿಸಿದ್ದಪ್ಪಾ, ಹೇಳು, ನಾಳೆಯೇ ನಿಕಾಹ್ ಮಾಡಿಸ್ತೀನಿ.”

ಮೂರನೆಯದನ್ನು ಅವಳೇ ತೋರಿಸಿದಳು. ನೀರು ಜಾರುವ ಕಲ್ಲಿನ ಕೆಳಗೆ ಒಂದು ಸಣ್ಣ ತೊಟ್ಟಿ. ಚಿತ್ರದಲ್ಲಿ ಅದು ಬೆರಳ ಉಗುರಿನಷ್ಟೇ. ಆ ಉಗುರಿನಷ್ಟು ನೀರಿನಲ್ಲಿ ಮರದ ಬಿಂಬ ಬಿದ್ದಿತ್ತು.

ಬಿಂಬ ಹಸಿರಾಗಿತ್ತು.

ಮೇಲೆ ಹರುದ್, ನೀರಿನಲ್ಲಿ ಬೇಸಿಗೆ. ಈ ಚಿತ್ರ ತೆಗೆದಾಗ ಮರ ಹಸಿರಾಗಿಯೇ ಇತ್ತು. ಆಮೇಲೆ ಯಾರೋ ಕೂತು, ಕುಂಚ ಹಿಡಿದವರ ಹಾಗೆ, ಹಸಿರನ್ನೆಲ್ಲ ಕೆಂಪು ಮಾಡಿದ್ದಾರೆ. ಹುಲ್ಲು ಬಿಟ್ಟು, ಎಲೆ ಹಿಡಿದು. ತೊಟ್ಟಿಯ ನೀರನ್ನು ಮರೆತು.

ಹಸಿರೆಲ್ಲ ಕೆಂಪು.

ಮರದ ಬುಡದಲ್ಲಿ ಒಂದು ಹೆಂಗಸಿನ ಆಕೃತಿ ಇತ್ತು, ಕಾಳಿನಷ್ಟು. ತಗ್ಗಿದ ಕೊಂಬೆಯ ಎದುರು, ಕೆಂಪು ಫೆರನ್, ಆ ದೊಗಳೆ ನಿಲುವಂಗಿ, ತೊಟ್ಟು ನಿಂತಿದ್ದಳು. ಹರುದ್‌ನ ಚಿತ್ರಕ್ಕೆ ಒಪ್ಪುವ ಕೆಂಪು. ಇದೇ ಚಿತ್ರವನ್ನು ಬಾಗಿಲ ಬಳಿ ಆಳೆತ್ತರ ಮಾಡಿ ಕಟ್ಟಿದ್ದಾರೆ. ಅದರ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಗೋಡೆಗೆ ಪೊಲೀಸರ ಪೋಸ್ಟರೂ ಇದೆ: ಕಾಣೆಯಾಗಿದ್ದಾಳೆ, ಅರ್ಜುಮಂದ್, ಕಡುಹಸಿರು ಫೆರನ್, ಎಡಗೈ ಮುರಿದು ಪ್ಲಾಸ್ಟರ್ ಹಾಕಿದೆ.

ಜೇಬಿನಿಂದ ಭೂತಗನ್ನಡಿ ತೆಗೆದು ಹಾಳೆಯ ಮೇಲಿಟ್ಟೆ.

ಫೆರನ್ನಿನ ಅಂಚಿನಲ್ಲಿ ಒಂದು ಹಸಿರು ಪಟ್ಟಿ. ಕಸೂತಿಯ ಅಂಚು ಎನ್ನಬಹುದಿತ್ತು. ಆದರೆ ಬಟ್ಟೆಯ ನೆರಿಗೆಯ ಜೊತೆ ಅದು ಏಳುತ್ತಿರಲಿಲ್ಲ, ಬೀಳುತ್ತಿರಲಿಲ್ಲ. ನೆರಿಗೆಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಸೀದಾ ಅಡ್ಡ ಹೋಗಿತ್ತು. ಕೊಂಬೆಯ ಎಲೆಗಳಿಗೆ ಬಣ್ಣ ಬಳಿದವನ ಕೈ ಅವಳ ಮೈ ಮೇಲೂ ಹಾದು, ಹುಲ್ಲು ಬಂತೆಂದು ಅಲ್ಲಿಗೆ ನಿಂತಿದೆ. ಉಳಿದ ಆ ಪಟ್ಟಿಯೇ ಅವಳ ನಿಜವಾದ ಬಟ್ಟೆ.

“ಏನಾಯ್ತೋ? ಯಾಕೆ ಉಸಿರು ಹಿಡಿದೆ?”

“ದೇದ್, ಇವಳ ಎಡಗೈ ಎಲ್ಲಿದೆ ನೋಡು.”

ಫಾಜಿ ಗಾಜಿಗೆ ಕಣ್ಣು ಹಚ್ಚಿದಳು. “ಕೈ ಒಳಗಿದೆ. ತೋಳು ಖಾಲಿ ನೇತಾಡ್ತಿದೆ. ಕಾಂಗ್ರಿ ಹಿಡ್ಕೊಂಡಿದಾಳೆ. ಅದ್ರಲ್ಲೇನು ಹೊಸದು? ಚಳಿ ಬಂದ್ರೆ ನಾವೆಲ್ಲ ಹಿಂಗೇ ಅಲ್ವಾ?”

“ಚಳಿ ಬಂದಿರ್ಲಿಲ್ಲ. ಮರ ಹಸಿರಾಗಿತ್ತು.”

ಅವಳು ತಲೆ ಎತ್ತಲಿಲ್ಲ.

“ಕಾಂಗ್ರಿ ಹಿಡಿದ್ರೆ ಹೊಟ್ಟೆ ಮುಂದೆ ಉಬ್ಬಿರ್ಬೇಕು. ಇಲ್ಲಿ ಉಬ್ಬಿದೆಯಾ? ಎರಡೂ ಕೈ ಒಳಗಿರ್ಬೇಕು. ಇವಳ ಬಲಗೈ ಹೊರಗಿದೆ.”

ಎಲೆಯೊಂದು ಬಂದು ಹಾಳೆಯ ಮೇಲೆ ಕೂತಿತು. ಫಾಜಿ ಅದನ್ನು ಊದಿದಳು, ಮಲಗಿದ ಮಗುವಿನ ಮುಖದ ಮೇಲಿನ ನೊಣವನ್ನು ಊದುವ ಹಾಗೆ.

“ಪ್ಲಾಸ್ಟರ್,” ಎಂದಳು ಪಿಸುಮಾತಿನಲ್ಲಿ. “ಯಾ ಖುದಾ. ಬಂದಿದ್ಲು. ನನ್ನ ಮಗ ಇಳಿಸಿದಾನೆ. ಅಸದ್, ನನ್ನ ಮಗ ನಿಜ ಹೇಳಿದಾನೆ ಕಣೋ!”

ಅಲ್ಲೇ ಕುಣಿಯುತ್ತಿದ್ದಳೇನೋ. ನಾನು ಅವಳ ರಟ್ಟೆ ಹಿಡಿದು ಬಾಗಿಲ ಕಡೆ ನಡೆಸಿದೆ. ಅವಳು ಬಿಡಿಸಿಕೊಂಡು ವಾಪಸು ಓಡಿ, ಮರಕ್ಕೆ ಒರಗಿಸಿದ್ದ ಹುಟ್ಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಲತೀಫನ ಹುಟ್ಟು. ಶಿಕಾರವನ್ನು ಠಾಣೆಯವರು ಹಿಡಿದಿಟ್ಟುಕೊಂಡು ಹುಟ್ಟನ್ನು ಮಾತ್ರ ಅವಳ ಕೈಗೆ ಬಿಸಾಕಿದ್ದರು. ಹೃದಯದ ಆಕಾರದ ಅದರ ಹಲಗೆ ಒಮ್ಮೆ ಸೀಳಿತ್ತು. ತವರದ ಪಟ್ಟಿ ಹೊಡೆದು ಫಾಜಿಯೇ ಕೂಡಿಸಿದ್ದಳು.

ಬಾಗಿಲ ಕಾವಲಿನವನು ಹಲ್ಲು ಕಿರಿದ. “ಏನ್ ದೇದ್, ಕಾರಂಜೀಲೂ ದೋಣಿ ನಡೆಸ್ತೀಯಾ?”

“ನಿಮ್ಮಪ್ಪ ಇಲ್ಲಿ ಕಾವಲಿದ್ದಾಗಿಂದ ನೋಡ್ತಿದೀನಿ ಕಣೋ. ದಂಡೇಲಿ ಬಿಟ್ಟು ಹೋದ ಹುಟ್ಟು ವಾಪಸು ಬರೋದ್ರೊಳಗೆ ಮಾಯ. ಕಾವಲು ಅಂದ್ರೆ ನಿಮ್ಮ ವಂಶದ್ದೇ ಕಾವಲು!”

ಅವಳು ಹೇಳಿದ್ದು ನಿಜ. ಗಿರಾಕಿಯನ್ನು ಇಳಿಸಿ ಹಾಗೇ ತಿರುಗುವವನು ಹುಟ್ಟನ್ನು ಕೈಯಿಂದ ಬಿಡುವುದೇ ಇಲ್ಲ. ದೋಣಿ ಕಟ್ಟಿ ತುಸು ಹೊತ್ತು ದೂರ ಹೋಗುವವನು ಅದನ್ನು ಹೆಗಲ ಮೇಲೆ ಹೊತ್ತೇ ಹೋಗುತ್ತಾನೆ. ಮದುವೆಮನೆಗೂ ಹುಟ್ಟು ಹೊತ್ತು ಬಂದವರನ್ನು ನಾನು ನೋಡಿದ್ದೇನೆ.

*

ಆ ಚಿತ್ರ ತೆಗೆದ ಇಶ್ಫಾಕ್ ದ್ರಾಬೂನ ಸ್ಟುಡಿಯೋ ರೊಟ್ಟಿ ಒಲೆಯ ಅಂಗಡಿಯ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತುವಾಗಲೇ ಎಳ್ಳು ಹಚ್ಚಿದ ರೊಟ್ಟಿಯ ಪರಿಮಳ. ಒಂದು ಕಾಲದಲ್ಲಿ ಇವನೂ ತೋಟದ ಬಾಗಿಲಲ್ಲಿ ಬೆಳ್ಳಿಕೊಡ ಬಾಡಿಗೆಗೆ ಕೊಟ್ಟು, ‘ಬನ್ನಿ ಮೇಡಂ, ಕಾಶ್ಮೀರಿ ರಾಣಿ ಮಾಡ್ತೀನಿ’ ಎಂದು ಕೂಗುತ್ತಿದ್ದವನು. ಈಗ ಕ್ಯಾಲೆಂಡರುಗಳವರು ಅವನ ಮನೆ ಬಾಗಿಲಿಗೆ ಬರುತ್ತಾರೆ. ಗೋಡೆ ತುಂಬ ಹರುದ್. ಕೆಂಪು ಮರ, ಕೆಂಪು ದಾರಿ, ಕೆಂಪು ಸರೋವರ. ಕಿಟಕಿಯಾಚೆ ನಿಜವಾದ ಸರೋವರದ ಮೇಲೆ ಸಂಜೆ ಇಳಿಯುತ್ತಿತ್ತು. ಒಳಗಿನದರ ಮುಂದೆ ಅದು ಮಂಕಾಗಿ, ತಪ್ಪು ಮಾಡಿದವರ ಹಾಗೆ ಕಾಣುತ್ತಿತ್ತು.

“ಬನ್ನಿ ಅಸದ್ ಸಾಬ್! ಓಹೋ, ದೇದ್ ಕೂಡ. ಹುಟ್ಟು ಸಮೇತ! ನನ್ನನ್ನೇನು ತೇಲಿಸ್ಕೊಂಡು ಹೋಗೋಕೆ ಬಂದ್ರಾ?” ಉಪ್ಪು ಚಹಾ ಬಗ್ಗಿಸಿದ. ಅವನ ನಗು ಚೆನ್ನಾಗಿತ್ತು. ನನಗೆ ಚೆನ್ನಾದ ನಗು ಕಂಡರಾಗದು.

ಹಾಳೆ ಅವನ ಮೇಜಿನ ಮೇಲೆ ಹರಡಿದೆ. “ಇದನ್ನ ಯಾವಾಗ ತೆಗೆದದ್ದು?”

“ಹೋದ ವರ್ಷ, ಹರುದ್‌ನಲ್ಲಿ. ಯಾಕೆ?”

“ಹೋದ ವರ್ಷ?”

“ಹೂಂ. ಈ ವರ್ಷದ್ದು ಈಗ ತಾನೇ ಕೆಂಪಾಗ್ತಿದೆ. ಕ್ಯಾಲೆಂಡರು ಅಚ್ಚಾಗಿ ಬಂದಾಯ್ತು. ಲೆಕ್ಕ ನೀವೇ ಹಾಕಿ.”

“ನೀರು ಜಾರೋ ಕಲ್ಲಿನ ಮೇಲೆ ಚಾಚಿಕೊಂಡಿದ್ದ ದೊಡ್ಡ ಕೊಂಬೆ ಎಲ್ಲಪ್ಪಾ?”

ಅವನು ಚಿತ್ರ ನೋಡಿದ. ಚಹಾ ಲೋಟ ತುಟಿಯವರೆಗೆ ಹೋಗಿ ನಿಂತಿತು.

“ಅದು ಹಿಮಕ್ಕೆ ಮುರೀತು,” ಫಾಜಿ ಶುರು ಮಾಡಿದಳು. “ಹೋದ ಚಳೀಲಿ. ಚಕ್ಕೆ ಆರಿಸ್ಕೊಳ್ಳೋಕೆ ಹೋದ್ರೆ ಆ ಕಾವಲಿನವನು ನನ್ನ ಗೋಣೀನೇ ಕಿತ್ಕೊಂಡ, ಹಾಳಾದೋನು...”

“ಹೋದ ವರ್ಷದ ಹರುದ್‌ನಲ್ಲಿ ಕೊಂಬೆ ಮರದ ಮೇಲಿತ್ತು,” ಎಂದೆ. “ನಿನ್ನ ಚಿತ್ರದಲ್ಲಿಲ್ಲ.”

“ನಾನೇ ಅಳಿಸಿರ್ತೀನಿ, ಸಾಬ್. ಚೌಕಟ್ಟಿಗೆ ಅಡ್ಡ ಬಂದದ್ದನ್ನ ಅಳಿಸ್ತೀವಿ. ಎಲ್ರೂ ಮಾಡ್ತಾರೆ.”

“ಕೊಂಬೆ ಅಳಿಸಿ, ಅದು ಮುರಿದ ಗಾಯ ಬರೆದೆಯಾ? ಬಿಳೀ ಮೋಟು ಎದ್ದು ಕಾಣ್ತಿದೆ, ನೋಡೋ!”

ನನಗೆ ಸಿಟ್ಟು ಬಂದರೆ ಕುರ್ಚಿ ತಾನಾಗಿ ಹಿಂದಕ್ಕೆ ಬೀಳುತ್ತದೆ. ಬಿತ್ತು. ಅವನ ಚಹಾ ಹಾಳೆಯ ಮೇಲೆ ಚೆಲ್ಲಿ, ಕೆಂಪು ಮರದ ಬುಡಕ್ಕೆ ಹರಿಯಿತು.

“ಗೋಡೆ ಮೇಲೆ ಒಂದೇ ಸಾಲಲ್ಲಿ ಇವೆಯಲ್ಲೋ! ಪೋಸ್ಟರು, ನಿನ್ನ ಚಿತ್ರ. ಊರೆಲ್ಲ ಹಸಿರು ಫೆರನ್ ಹುಡುಕ್ತಾ ಸರೋವರದ ತಳ ಜಾಲಾಡಿದ್ರು. ನೀನು ಅದನ್ನ ಕೆಂಪು ಮಾಡಿ ಬಾಗಿಲಿಗೆ ನೇತುಹಾಕಿದೀಯ!”

ಅವನ ಮುಖ ಬಿಳಿಚಿಕೊಂಡಿತು. ನಾನು ತೋರಿಸಿದ ಕಾಳಿನಷ್ಟು ಆಕೃತಿಯನ್ನು ಬಗ್ಗಿ ನೋಡಿದ. ನಟನೆಯೋ ಎಂದು ನಾನು ಅವನ ಕಿವಿ ನೋಡುತ್ತಿದ್ದೆ. ಮುಖ ಸುಳ್ಳು ಹೇಳಬಹುದು, ಕಿವಿ ಹೇಳುವುದಿಲ್ಲ. ಕಿವಿಯೂ ಬಿಳಿಚಿತ್ತು.

“ಅವಳಾ? ಖುದಾನಾಣೆ ಗೊತ್ತಿರ್ಲಿಲ್ಲ, ಸಾಬ್. ನನಗೆ ಅವಳು ಹುಡುಗಿ ಅಲ್ಲ. ಒಂದು ಚುಕ್ಕೆ ಬಣ್ಣ. ಮರ ಎಷ್ಟು ದೊಡ್ಡದು ಅಂತ ತೋರ್ಸೋಕೆ ಕೆಳಗೊಂದು ಮನುಷ್ಯ ಬೇಕಿತ್ತು, ಅಷ್ಟೇ.”

“ಹೋದ ವರ್ಷ ಅಂತ ಯಾಕೆ ಬೊಗಳಿದೆ?”

“ಕ್ಯಾಲೆಂಡರಿನವರಿಗೆ ನಿಜವಾದ ಹರುದ್ ಬೇಕಿತ್ತು. ಅವರ ಗಡುವಿಗೆ ಮರ ಕೆಂಪಾಗಿರ್ಲಿಲ್ಲ. ನಾನೇನು ಮರಕ್ಕೆ ಬೈಯ್ಯೋಕಾಗ್ತದಾ?” ಸ್ವಲ್ಪ ದನಿ ಬಂತು ಅವನಿಗೆ. “ಜನ ಎಲ್ಲಿಂದಲೋ ಬರ್ತಾರೆ, ‘ಕೆಂಪೆಲ್ಲಿ, ಕೆಂಪೆಲ್ಲಿ’ ಅಂತಾರೆ. ಮರ ನಾಲ್ಕು ದಿನ ತೋರಿಸಿ ಕಿತ್ತು ಹಾಕ್ತದೆ. ನಾನು ವರ್ಷ ಪೂರ್ತಿ ಕೊಡ್ತೀನಿ. ಅದು ತಪ್ಪಾ? ಆದ್ರೆ ಬಾಗಿಲಲ್ಲಿರೋ ಆ ಫೋಟೋದವರಿಗೆ ಗೊತ್ತಾದ್ರೆ ನಕ್ಕೂ ನಕ್ಕೂ ಸಾಯ್ತಾರೆ. ‘ದ್ರಾಬೂ ಎಲೆಗೆ ಬಣ್ಣ ಬಳಿಯೋನು’ ಅಂತ.”

“ಆ ನಗೂಗೆ ಹೆದರಿ ಒಬ್ಬನನ್ನ ಗಲ್ಲಿಗೆ ಕಳಿಸ್ತೀಯಾ? ಅಸಲು ಚಿತ್ರ ತೆಗಿ.”

ಅವನು ಅಲುಗಾಡಲಿಲ್ಲ. ಆಗ ಫಾಜಿ ಹುಟ್ಟನ್ನು ನೆಲಕ್ಕೆ ಊರಿ ಅವನ ಹತ್ತಿರ ಹೋದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅವನ ಗದ್ದ ಹಿಡಿದಳು.

“ಕಂದಾ, ನಿನ್ನನ್ನ ಯಾರೂ ನಗದಂಗೆ ನಾನು ನೋಡ್ಕೋತೀನಿ. ನಕ್ಕವರ ಹಲ್ಲಿಗೆ ಈ ಹುಟ್ಟಲ್ಲೇ ಇಕ್ತೀನಿ. ನನ್ನ ಮಗನ್ನ ಮನೆಗೆ ಕಳಿಸು.”

ಇಶ್ಫಾಕ್ ಕಂಪ್ಯೂಟರಿನ ಮುಂದೆ ಕೂತ.

*

ನಡೆದದ್ದನ್ನು ಹೇಗೆ ಹೇಳಲಿ? ಹಳ್ಳಿ ಶಾಲೆಯ ಮೇಷ್ಟರು ಕಲಿಸಿದಷ್ಟು ಮಾತು ಮಾತ್ರ ನನ್ನಲ್ಲಿದೆ.

ಪರದೆಯ ತುಂಬ ಆ ಕೆಂಪು ತೋಟ ಅರಳಿತು. ಕೋಣೆಯಲ್ಲಿ ದೀಪ ಹಚ್ಚಿರಲಿಲ್ಲ. ಅದರ ಬೆಳಕಿಗೆ ನಮ್ಮ ಮೂವರ ಮುಖವೂ ಕೆಂಡದ ಮುಂದೆ ಕೂತವರ ಮುಖದಂತಾಯಿತು.

“ಒಂದರ ಮೇಲೊಂದು ಪದರ ಹಾಕಿರ್ತೀವಿ, ಸಾಬ್. ಒಂದೊಂದಾಗಿ ತೆಗೀತೀನಿ,” ಎಂದ. “ಮೊದ್ಲು ಮಂಜು.”

ಮರಗಳ ನಡುವೆ ಹಾಲಿನಂತೆ ನಿಂತಿದ್ದ ಮಂಜು ಆರಿಹೋಯಿತು.

“ಅದೂ ಸುಳ್ಳಾ?”

“ನಿಜವಾದ ಮಂಜೇ. ಗುಲ್ಮರ್ಗದ್ದು. ಇಲ್ಲಿಗೆ ತಂದು ಹಾಕಿದೆ.”

“ಆಹಾ, ಮಂಜನ್ನೂ ಹೊತ್ಕೊಂಡು ಬರ್ತೀಯಾ,” ಎಂದಳು ಫಾಜಿ.

“ಇದು ಬಿಸಿಲು.” ಹೊನ್ನಿನ ಬಿಸಿಲು ನಂದಿ, ಸಾಮಾನ್ಯವಾದ, ಸ್ವಲ್ಪ ಬೆವರುವಂಥ ಮಧ್ಯಾಹ್ನವೊಂದು ಕಾಣಿಸಿಕೊಂಡಿತು.

“ಈಗ ಕೆಂಪು.”

ಅದನ್ನು ಅವನು ಒಮ್ಮೆಗೇ ತೆಗೆಯಲಿಲ್ಲ. ಮೌಸನ್ನು ನಿಧಾನವಾಗಿ ಎಡಕ್ಕೆ ಎಳೆದ. ಕೆಂಪು ಅಲುಗಾಡಿ ತುಕ್ಕಾಯಿತು. ತುಕ್ಕು ತೆಳುವಾಗಿ ಹಳದಿಯಾಯಿತು. ಹಳದಿಯೊಳಗೆ ಎಲ್ಲಿಂದಲೋ ಹಸಿರು ಒಸರಿ, ನರನರಕ್ಕೆ ಹಬ್ಬಿ, ಇಡೀ ಮರ ತುಂಬಿಕೊಂಡಿತು. ಹರುದ್ ಬರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ವಾಪಸು ಹೋಗುವುದನ್ನು ನೋಡಿರಲಿಲ್ಲ. ಕಳೆದ ದಿನಗಳೆಲ್ಲ ಹಿಂದಕ್ಕೆ ನಡೆದು ಬಂದು ಮರ ಹತ್ತಿ ಕೂತಂತಾಯಿತು. ಇದೇ ರೀತಿ ಇನ್ನಷ್ಟು ಎಳೆದರೆ, ಲತೀಫ್ ಲಾಕಪ್ಪಿಗೆ ಹೋಗಿರದ, ಆ ಹುಡುಗಿ ಇನ್ನೂ ಮನೆಯಿಂದ ಹೊರಡದ ಬೆಳಗೊಂದು ಸಿಕ್ಕೀತೇನೋ ಎಂದು ನನ್ನಂಥ ಒರಟನಿಗೂ ಒಂದು ಗಳಿಗೆ ಅನ್ನಿಸಿತು.

ಮರದ ಬುಡದ ಹೆಂಗಸು ಕೆಂಪು ಕಳಚಿ ಹಸಿರುಟ್ಟಳು.

ಇಶ್ಫಾಕ್ ಚಿತ್ರವನ್ನು ಹಿಗ್ಗಿಸಿದ. ಮುಖ ಅರ್ಧ ಪಕ್ಕಕ್ಕೆ ತಿರುಗಿತ್ತು. ತಲೆಯ ಬಟ್ಟೆ ಜಾರಿತ್ತು. ಎಡತೋಳು ಖಾಲಿ. ಕೊರಳ ಸೀಳಿನಲ್ಲಿ, ಒಳಗೆ ಕೈಯನ್ನು ತೂಗುಹಾಕಿದ ಬಿಳಿಯ ಪಟ್ಟಿ. ಅನುಮಾನವೇ ಇಲ್ಲ, ಅರ್ಜುಮಂದ್. ಯಾರಿಗೋ ಏನೋ ಹೇಳುತ್ತಾ, ನಗು ಬರುವುದಕ್ಕೆ ಸ್ವಲ್ಪ ಮುಂಚಿನ ಮುಖ.

ಫಾಜಿ ಪರದೆಗೆ ಅಂಗೈ ಹಚ್ಚಿದಳು. “ಬದುಕಿದಾಳೆ, ನೋಡು. ನನ್ನ ಮಗ ಇಳಿಸಿದಾನೆ. ಸುರಕ್ಷಿತವಾಗಿ ಇಳಿಸಿದಾನೆ.” ಇಶ್ಫಾಕನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮುತ್ತಿಟ್ಟಳು. ಅವನಿಗೆ ನಾಚಿಕೆಯಾಗಿ ಕೈ ಎಳೆದುಕೊಂಡ. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಎಲೆಯ ಹೊಗೆ, ಅಷ್ಟೇ.

ಸಾಕಾಗಿತ್ತು. ಇಷ್ಟು ಸಿಕ್ಕರೆ ನಾಳಿನ ಕೋರ್ಟಿನಲ್ಲಿ ಇನ್‌ಸ್ಪೆಕ್ಟರು ಬಾಯಿ ಮುಚ್ಚಬೇಕು. ದೋಣಿಯಲ್ಲಿ ಸತ್ತವಳು ತೋಟದಲ್ಲಿ ನಗುವುದಿಲ್ಲ. ಚಿತ್ರ ಹಿಡಿದುಕೊಂಡು ನಾನು ಆಗಲೇ ಎದ್ದು ಬರಬೇಕಿತ್ತು. ಆದರೆ ಪೊಲೀಸ್ ಕೆಲಸ ಮೈಗೆ ಹತ್ತಿದ ಚಟ. ಇನ್ನೊಂದು ಪ್ರಶ್ನೆ ಕೇಳದೆ ಎದ್ದು ಗೊತ್ತಿಲ್ಲ.

“ಯಾರ ಜೊತೆ ಮಾತಾಡ್ತಿದಾಳೆ?”

ಇಶ್ಫಾಕ್ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಅಸಲು ಇದೇನಾ? ಇನ್ನೂ ಪದರ ಇದೆಯಾ?”

“ಒಂದಿದೆ. ಏನಿಲ್ಲ ಅದು.” ಮೂಗಿನ ತುದಿ ತುರಿಸಿಕೊಂಡ. “ಬುಡದಲ್ಲಿ ಒಬ್ಬ ಕೂತಿದ್ದ. ಅವನನ್ನ ಒರೆಸಿ ಹುಲ್ಲು ಮಾಡಿದೆ.”

“ಯಾಕೆ?”

“ಅವನು ನನ್ನನ್ನೇ ನೋಡ್ತಿದ್ದ, ಸಾಬ್. ಸೀದಾ ಕ್ಯಾಮೆರಾದೊಳಗೆ. ಹಾಗೆ ಒಬ್ಬ ನೋಡ್ತಾ ಕೂತ್ರೆ ಮರ ಯಾರ ಕಣ್ಣಿಗೂ ಬೀಳಲ್ಲ.”

ಸಂತೋಷವೆಂದರೆ ಎಂಥ ಮಬ್ಬು. ನನಗೂ ಹೊಳೆಯಲಿಲ್ಲ. ಅವನೇ ಇರಬೇಕು, ಹುಡುಗಿಯನ್ನು ಕೊಂಡೊಯ್ದವನು ಸಿಕ್ಕಿಬಿದ್ದ ಎಂದು ನಾನು ಹಿಗ್ಗಿ ಮುಂದಕ್ಕೆ ಬಾಗಿದೆ. ಫಾಜಿಯೂ ಬಾಗಿದಳು. “ತೆಗಿ, ತೆಗಿ. ಆ ಹಾಳು ಮೂತಿ ನಾನೂ ನೋಡ್ತೀನಿ,” ಎಂದಳು.

ಮೌಸು ಒಮ್ಮೆ ಸದ್ದು ಮಾಡಿತು.

ಹುಲ್ಲಿನ ಒಂದು ತುಂಡು ಹುಲ್ಲಾಗುವುದನ್ನು ಬಿಟ್ಟುಕೊಟ್ಟಿತು. ಅಲ್ಲಿ ಒಬ್ಬ ಗಂಡಸು ಕಾಲು ಚಾಚಿ, ಬೆನ್ನನ್ನು ಚಿನಾರ್‌ಗೆ ಕೊಟ್ಟು, ಬಹಳ ಹೊತ್ತಿಗೆಂದು ಬಂದವನ ಹಾಗೆ ಕೂತಿದ್ದ. ತೊಡೆಯ ಮೇಲೆ ಅಡ್ಡಲಾಗಿ ಒಂದು ಹುಟ್ಟು. ಹೃದಯದ ಆಕಾರದ ಹಲಗೆ. ಅದರ ಮೇಲೆ ಬಿಸಿಲಿಗೆ ಮಿಂಚುವ ತವರದ ಪಟ್ಟಿ.

ನನ್ನ ಪಕ್ಕದಲ್ಲಿ ಫಾಜಿಯ ಕೈಯ ಹುಟ್ಟು ಜಾರಿ ನೆಲಕ್ಕೆ ಬಿತ್ತು. ಅದರ ಸದ್ದಿಗೆ ಕೆಳಗಿನ ಅಂಗಡಿಯವನು ಏನಾಯಿತೆಂದು ಕೂಗಿದ.

ದಂಡೆಗೆ ಕಾಲೂ ಇಡಲಿಲ್ಲ ಎಂದವನು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದವನು.

ಅದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಅವನು ಕ್ಯಾಮೆರಾವನ್ನು ನೋಡಿದ್ದ. ಆ ಗಳಿಗೆಯಲ್ಲಿ ಅರ್ಜುಮಂದ್ ಬದುಕಿದ್ದಳು, ನಗುವುದರಲ್ಲಿದ್ದಳು ಎನ್ನುವುದಕ್ಕೆ ಒಂದು ಚಿತ್ರವಿದೆ ಎಂದು ಲತೀಫನಿಗೆ ಮೊದಲಿನಿಂದಲೂ ಗೊತ್ತಿತ್ತು. ಏಟು ತಿಂದ. ಮೂಳೆ ಮುರಿಸಿಕೊಂಡ. ಅದನ್ನು ಹುಡುಕಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ತಾಯಿಗೂ ಹೇಳಲಿಲ್ಲ. ಯಾವುದನ್ನು ಮುಚ್ಚುವುದಕ್ಕೆ ಒಬ್ಬ ಮನುಷ್ಯ ತನ್ನ ಕತ್ತನ್ನೇ ಕೊಡುತ್ತಾನೆ?

ಒಂದು ಗಳಿಗೆಯ ಹಿಂದೆ ಅವನ ಬೀಗ ತೆರೆಯುತ್ತಿದ್ದ ಚಿತ್ರ ಈಗ ಅದರ ಮೇಲೆ ಇನ್ನೊಂದು ಬೀಗ ಹಾಕುತ್ತಿತ್ತು.

ಫಾಜಿ ಅಳಲಿಲ್ಲ. ಹುಟ್ಟನ್ನು ಎತ್ತಿಕೊಳ್ಳಲೂ ಇಲ್ಲ. ಬಹಳ ಹೊತ್ತು ಮಗನ ಮುಖ ನೋಡಿದಳು. ಆಮೇಲೆ ಇಶ್ಫಾಕನ ಭುಜದ ಮೇಲೆ ಕೈಯಿಟ್ಟು, ಮಕ್ಕಳಿಗೆ ಊಟ ಬಡಿಸುವಾಗ ಕೇಳುವ ದನಿಯಲ್ಲಿ ಕೇಳಿದಳು:

“ಒಂದ್ಸಲ ಒರೆಸಿದ್ದೀಯಲ್ಲ, ಕಂದಾ. ಇನ್ನೊಂದ್ಸಲ ಒರೆಸೋದಕ್ಕೆ ಎಷ್ಟು ಹೊತ್ತು?”

ಇಶ್ಫಾಕನ ಬೆರಳು ಮೌಸಿನ ಮೇಲೇ ಇತ್ತು. ಅವನು ತಿರುಗಿ ನನ್ನ ಮುಖ ನೋಡಿದ. ಫಾಜಿಯೂ ನೋಡಿದಳು. ಪರದೆಯೊಳಗಿನ ಹಸಿರು ಮಧ್ಯಾಹ್ನದಿಂದ ಲತೀಫನೂ ನನ್ನನ್ನೇ ನೋಡುತ್ತಿದ್ದ.

ಬೇಡ ಎನ್ನುವುದಕ್ಕೆ ಬಾಯಿ ತೆರೆದೆ. ಆ ಮಾತು ಹೇಳುವ ಬದಲು, ಬಗ್ಗಿ ನೆಲದ ಮೇಲಿದ್ದ ಹುಟ್ಟನ್ನು ಎತ್ತಿಕೊಂಡೆ.